ಚೀಲ ಸೇರಿ ಒಂಬತ್ತು ಕಿಲೋ

ಜೂನ್ 8, 2014, ಭಾನುವಾರ

ದಿನಕ್ಕೊಂದು ಪುಟ ಬರೆಯಬೇಕಂತೆ. ಮಹಾಗಣಪತಿ ಮಾಷ್ಟ್ರ ಅಪ್ಪಣೆ. "ಯಾರಿಗೂ ತೋರಿಸುದು ಬೇಡ, ನನಗೂ ಬೇಡ. ಬರೆದು ಬರೆದು ಕೈ ಕುದುರ್ಬೇಕು, ಅಷ್ಟೇ" ಎಂದರು. ನಲವತ್ತಮೂರು ವರ್ಷ ಸೌಟು ಹಿಡಿದ ಕೈ ಇನ್ನು ಎಷ್ಟು ಕುದುರುತ್ತದೋ ನೋಡೋಣ. ಕನ್ನಡದ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಲೆಕ್ಕದ ಮೇಲೆ.

ನಮ್ಮದು ತುಲ್ಯತಾ ಕ್ಲಾಸು, ಶಾಲೆ ಅರ್ಧಕ್ಕೆ ಬಿಟ್ಟವರಿಗೆ ಹತ್ತನೆಯ ಪರೀಕ್ಷೆ ಬರೆಸುವುದು. ಭಾನುವಾರ ಭಾನುವಾರ ಕುಂಜತ್ತೂರಿನಲ್ಲಿ. ಹತ್ತು ಪಾಸಾದರೆ ಅಂಗನವಾಡಿಯ ಹೆಲ್ಪರ್ ಆಗಿರುವ ನಾನು ಟೀಚರ್ ಆಗಬಹುದು. ಹದಿನಾರು ವರ್ಷ ಗಂಜಿ ಬೇಯಿಸಿ, ಮಕ್ಕಳ ಮೂಗು ಒರೆಸಿ, ಅಂಡು ತೊಳೆದು ಎಲ್ಲ ಮಾಡಿದ್ದೇನೆ. ಟೀಚರ್ ಎನ್ನುವವಳು ನನ್ನ ಮಗಳ ಪ್ರಾಯದ ರಂಜನಿ. ನಾನು ನೆಲ ಒರೆಸುವಾಗ ಅವಳು ಕುರ್ಚಿಯಲ್ಲಿ ಕಾಲು ಮೇಲೆತ್ತಿ ಕೂರುತ್ತಾಳೆ. ಹತ್ತನೆಯ ಸರ್ಟಿಫಿಕೇಟು ಇಲ್ಲದ್ದಕ್ಕೆ ಇಷ್ಟೂ ಸಹಿಸಬೇಕು.

ಇವತ್ತಿನ ಪಾಠ ಅಸಮತೆ. ಮಾಷ್ಟ್ರು ಬೋರ್ಡಿನಲ್ಲಿ ಬರೆದರು: ಬಸ್ಸಿನಲ್ಲಿ 48ಕ್ಕಿಂತ ಹೆಚ್ಚು ಜನ ಹೋಗಬಾರದು, ಇದನ್ನು ಚಿಹ್ನೆಯಲ್ಲಿ ಹೇಳಿ. ನನಗೆ ತಡೆಯಲಿಲ್ಲ. ಎದ್ದು ನಿಂತೆ.

"ಮಾಷ್ಟ್ರೇ, ತಲಪಾಡಿ ಬಸ್ಸಿನಲ್ಲಿ ಬೆಳಿಗ್ಗೆ ಎಂಬತ್ತು ಜನ ಇರ್ತಾರೆ. ಈ ಲೆಕ್ಕ ಮಾಡಿದವರು ಯಾವ ಬಸ್ಸಿನಲ್ಲಿ ಬಂದದ್ದು?"

ಅವರು ಅಗಲ್ಪಾಡಿ ಕಡೆಯ ತಣ್ಣಗಿನ ಮನುಷ್ಯ, ನಗಲೂ ಇಲ್ಲ, ಬೈಯಲೂ ಇಲ್ಲ. "ಆ ಬಸ್ಸಿಗೂ ಒಂದು ಬರೀರಿ. x > 48. ಒಂದು ಬದಿ ಇನ್ನೊಂದಕ್ಕೆ ಸಮ ಇಲ್ಲ ಅಂತ ಬಾಯಿಬಿಟ್ಟು ಹೇಳುದೇ ಅಸಮತೆ" ಎಂದರು. ಮುಂದಿನ ವಾರಕ್ಕೆ ನಮ್ಮ ನಮ್ಮ ದಿನನಿತ್ಯದಿಂದ ಐದು ಅಸಮತೆ ಬರೆದು ತರಬೇಕಂತೆ. ಬೇರೆ ಕೆಲಸ ಇಲ್ಲ ನನಗೆ.

ಜೂನ್ 10, ಮಂಗಳವಾರ

ಮಗಳು ಶಿಬಿಲಾಳನ್ನು ಎತ್ತಿಕೊಂಡು ಸಜ್ನಾ ಪುನಃ ಬಂದಳು. ಮಾರ್ಚಿನಿಂದ ಇದು ಐದನೆಯ ಸಲ. ಅದೇ ರಾಗ, ಅದೇ ಹಾಡು: ಮಗು ಏಳಿಗೆ ಆಗುವುದಿಲ್ಲ, ಶಿಬಿಲಾ ಏಳಿಗೆ ಆಗುವುದಿಲ್ಲ.

ಮಗು ಏಳಿಗೆ ಆಗುತ್ತದೋ ಇಲ್ಲವೋ ನೋಡಲಿಕ್ಕೇ ಅಲ್ಲವೇ ಪ್ರತಿ ತಿಂಗಳ ಮೊದಲ ಗುರುವಾರ ನಾವು ತೂಗುವುದು? ತೊಲೆಯ ಕೊಕ್ಕೆಯಲ್ಲಿ ಗಡಿಯಾರದಂಥ ತಕ್ಕಡಿ ನೇತಾಡುತ್ತದೆ. ಅದಕ್ಕೆ ಕಾಲು ತೂರಿಸುವ ಎರಡು ತೂತಿನ ಚೀಲ. ನಾನು ಮಗುವನ್ನು ಚೀಲದೊಳಗೆ ಇಳಿಸುತ್ತೇನೆ, ಮುಳ್ಳು ನಿಂತಲ್ಲಿ ರಂಜನಿ ಟೀಚರ್ ಓದಿ, ನಮ್ಮ ಪುಸ್ತಕದಲ್ಲೂ ತಾಯಿಯ ಕಾರ್ಡಿನಲ್ಲೂ ಬರೆಯುತ್ತಾಳೆ. ಚಾರ್ಟಿನಲ್ಲಿ ಹಸಿರು, ಹಳದಿ, ಕಿತ್ತಳೆ ಮೂರು ಪಟ್ಟಿ. ಕಿತ್ತಳೆಗೆ ಇಳಿದ ಮಗುವಿಗೆ ಅಂಗನವಾಡಿಯಿಂದ ಕೊಡುವ ಅಮೃತಂ ಪೌಷ್ಟಿಕ ಪುಡಿ ಎರಡು ಪಾಲು, ಆಸ್ಪತ್ರೆಗೆ ನಮ್ಮ ಚೀಟಿ. ಶಿಬಿಲಾಳಿಗೆ ಇಪ್ಪತ್ತೆಂಟು ತಿಂಗಳು. ಅವಳ ಕಿತ್ತಳೆ ಗೆರೆ 8.6. ಅವಳ ತೂಕ 9.0. ಇದರಲ್ಲಿ ವಾದಿಸಲಿಕ್ಕೆ ಏನಿದೆ?

"ಪಂಕಜಕ್ಕ, ಕಳೆದ ಪೆರ್ನಾಲ್ ಹಬ್ಬಕ್ಕೆ ಹಾಕಿದ ಬಳೆ ಆಗ ಮಣಿಕಟ್ಟಿನಲ್ಲಿ ನಿಲ್ತಿತ್ತು. ಈಗ ನೋಡಿ, ಮೊಣಕೈವರೆಗೆ ಏರ್ತದೆ" ಎಂದಳು. "ಆಸ್ಪತ್ರೆಗೆ ಹೋಗುವಾ ಅಂದ್ರೆ ಮಾಮಿ ಬಿಡುದಿಲ್ಲ. ಅಂಗನವಾಡಿ ಪುಸ್ತಕದಲ್ಲಿ ಸರಿ ಉಂಟಲ್ಲ, ನಿನಗೆಂತ ಹುಚ್ಚು ಅಂತಾರೆ. ನೀವೊಂದು ಚೀಟಿ ಕೊಟ್ರೆ..."

ಮಾಮಿ ಎಂದರೆ ಅವಳ ಅತ್ತೆ ಉಮ್ಮಾಲಿಮ್ಮ. ಗಂಡ ಶಫೀಕ್ ದುಬೈಯಲ್ಲಿ, ಮನೆಯ ಕಾರುಬಾರು ಅತ್ತೆಯದ್ದು. ಉಮ್ಮಾಲಿಮ್ಮನಿಗೆ ನನ್ನ ಮಾತೆಂದರೆ ಮಾತು. ಶಫೀಕನಿಗೆ ಚಿಕ್ಕಂದಿನಲ್ಲಿ ಪೋಲಿಯೋ ಹನಿ ಹಾಕಿಸಲು ಎತ್ತಿಕೊಂಡು ಹೋದವಳು ನಾನು.

ನಾನು ಹೇಳಿಯೇಬಿಟ್ಟೆ. "ತಕ್ಕಡಿಗೆ ನಿನ್ನ ಮೇಲೆ ಎಂತ ದ್ವೇಷ ಉಂಟಾ ಸಜ್ನಾ? ಅದು ಸುಳ್ಳು ಹೇಳ್ತದಾ? ಎರಡು ಪಾಲು ಪುಡಿ ಬೇಕಾದ್ರೆ ನೆಟ್ಟಗೆ ಕೇಳು, ಮಗುವಿನ ಮೇಲೆ ಯಾಕೆ ಹೇಳ್ತಿ?"

ಅವಳು ಕಾರ್ಡು ಮಡಚಿಟ್ಟು ಹೋದಳು. ಹೋಗಲಿ. ಆ ತಕ್ಕಡಿಯ ಹಳೆ ಬಟ್ಟೆ ಚೀಲ ಡಿಸೆಂಬರಿನಲ್ಲಿ ಹರಿದು ಒಂದು ಮಗು ಬೀಳುವುದರಲ್ಲಿತ್ತು. ಹೊಸದು ಕೇಳಿದರೆ ಮೇಲಿನವರು "ಬರುತ್ತದೆ, ಬರುತ್ತದೆ" ಎಂದರು. ಕೊನೆಗೆ ಟಾರ್ಪಾಲು ಎರಡು ಪದರ ಮಾಡಿ, ಕಬ್ಬಿಣದ ಬಳೆ ಹಾಕಿ ನಾನೇ ಹೊಲಿದೆ. ಆನೆಮರಿ ಕೂತರೂ ಹರಿಯದು. ಇಷ್ಟು ಮಾಡುವವಳಿಗೆ ಈ ಹುಡುಗಿ ಪಾಠ ಹೇಳಲು ಬರುತ್ತಾಳೆ.

ಜೂನ್ 15, ಭಾನುವಾರ

ಐದು ಅಸಮತೆ ಒಪ್ಪಿಸಿದೆ. ಇವರ ಚಹಾಕ್ಕೆ ಸಕ್ಕರೆ, ಮೂರು ಚಮಚಕ್ಕಿಂತ ಕಡಿಮೆಯಾದರೆ ಮುಖ ಊದುತ್ತದೆ: x ≥ 3. (ಇವರು ಎಂದರೆ ನನ್ನ ಗಂಡ ಪುರಂದರ. ಹೆಸರು ಬಾಯಲ್ಲಿ ಹೇಳಬಾರದು ಎಂದು ಅಮ್ಮ ಹೇಳಿದ್ದಳು, ಬರೆಯಬಾರದು ಎಂದಿಲ್ಲ.) ರಂಜನಿ ಟೀಚರ್ ಬರುವ ಗಂಟೆ, ಹತ್ತಕ್ಕಿಂತ ಮೊದಲು ಎಂದೂ ಇಲ್ಲ: x ≥ 10. ಹೀಗೇ ಇನ್ನೆರಡು. ಐದನೆಯದು ಅಂಗನವಾಡಿಯ ಚಾರ್ಟಿನಿಂದ. ಕಿತ್ತಳೆ ಆಗಬೇಕಾದರೆ x < 8.6. ಒಂದು ಮಗುವಿನ ತೂಕ 9.0. ಆದ್ದರಿಂದ ತಾಯಿಯ ದೂರು ಸುಳ್ಳು.

ಮಾಷ್ಟ್ರು ಐದನೆಯದನ್ನು ಎಲ್ಲರಿಗೂ ಓದಿ ಹೇಳಿದರು. "ನೋಡಿ, ಇದು ಜೀವನದ ಲೆಕ್ಕ" ಎಂದು ಉದ್ದಕ್ಕೆ ಸರಿ ಹಾಕಿದರು. ಮೀನಿನ ಆಟೋ ಓಡಿಸುವ ಕುಂಞನಿಗೆ ಹೊಟ್ಟೆಕಿಚ್ಚು. ಅವನ ಐದೂ ಮೀನಿನದ್ದೇ.

ಬಸ್ಸಿನಲ್ಲಿ ಬರುವಾಗ ಆ ಸರಿ ಗುರುತನ್ನು ಎರಡು ಸಲ ತೆಗೆದು ನೋಡಿದೆ. ಶಾಲೆಯಲ್ಲಿ ಲೆಕ್ಕಕ್ಕೆ ನನಗೆ ಸಿಕ್ಕಿದ್ದು ಬೆತ್ತದ ಗುರುತು ಮಾತ್ರ.

ಜೂನ್ 21, ಶನಿವಾರ

ಅಂಗನವಾಡಿಗಳ ಮೀಟಿಂಗು. ಹೆಲ್ಪರುಗಳಿಗೆ ಕುರ್ಚಿ ಇಲ್ಲ, ಗೋಡೆ ಉಂಟು. ಎರಡು ಗಂಟೆ ನಿಂತೆವು. ಆದರೆ ಇವತ್ತು ಸೂಪರ್‌ವೈಸರ್ ಮೇಡಂ ನಮ್ಮ ಅಂಗನವಾಡಿಯ ಹೆಸರು ಎತ್ತಿ ಹೇಳಿದರು: ಕಿತ್ತಳೆ ಒಂದೂ ಇಲ್ಲ, ಎಲ್ಲರೂ ನೋಡಿ ಕಲಿಯಬೇಕು. ಆಮೇಲೆ ನನ್ನನ್ನು ಕರೆದು, "ಹತ್ತು ಪಾಸಾಗಿ ಪಂಕಜಾಕ್ಷಿ. ನಿಮ್ಮ ಪ್ರೊಮೋಷನ್ನಿಗೆ ಒಳ್ಳೆ ರಿಪೋರ್ಟು ನಾನು ಬರೀತೇನೆ" ಎಂದರು. ಕಾಲುನೋವು ಅಷ್ಟಾಗಿ ತಿಳಿಯಲಿಲ್ಲ.

ಜುಲೈ 3, ಗುರುವಾರ

ತೂಗುವ ದಿನ. ಇಪ್ಪತ್ತೆರಡು ಮಕ್ಕಳು, ಇಪ್ಪತ್ತೆರಡು ಬಗೆಯ ಅಳು. ಶಿಬಿಲಾ ಅಳಲಿಲ್ಲ. ಚೀಲದೊಳಗೆ ಕಾಲು ಇಳಿಬಿಟ್ಟು ಸುಮ್ಮನೆ ನನ್ನನ್ನೇ ನೋಡುತ್ತಿದ್ದಳು.

ಮುಳ್ಳು ಪುನಃ 9.0. ತಿಂಗಳು ಕಳೆದದ್ದಕ್ಕೆ ಗೆರೆ 8.8ಕ್ಕೆ ಏರಿದೆ. ಆದರೂ ಮೇಲೆಯೇ. "ಹಳದಿ ಉಂಟು, ಏನೂ ಭಯ ಇಲ್ಲ. ಒಳ್ಳೆದು ಮಾಡಿ ತಿನ್ನಿಸಿ" ಎಂದಳು ರಂಜನಿ ಟೀಚರ್. ಸಜ್ನಾ ರಂಜಾನ್ ಉಪವಾಸದಲ್ಲಿದ್ದಳು, ತುಟಿ ಒಣಗಿತ್ತು. "ಒಂದು ತಿಂಗಳಲ್ಲಿ ಒಂದು ಮುಷ್ಟಿಯಷ್ಟೂ ಏರ್ಲಿಲ್ಲ ಟೀಚರ್. ಅವಳು ಆಡುದೂ ಇಲ್ಲ" ಎಂದಳು. ನಾನೇ ಉತ್ತರ ಕೊಟ್ಟೆ: "ಕೆಲವು ಮಕ್ಕಳು ಹಾಗೇ, ಸಣ್ಣ ಮೈಕಟ್ಟು."

ಅಷ್ಟು ಹೇಳಿದ್ದಕ್ಕೆ ಆ ಹುಡುಗಿ ನನ್ನನ್ನು ನೋಡಿದ ನೋಟ! ನಾನೇನು ಅವಳ ಮಗುವಿನ ಅನ್ನ ಕಿತ್ತಿದ್ದೇನೆಯೇ? ಸಿಟ್ಟಿನಲ್ಲಿ ಮಧ್ಯಾಹ್ನದ ಗಂಜಿಗೆ ಉಪ್ಪು ಹಾಕಲು ಮರೆತೆ.

ಜುಲೈ 6, ಭಾನುವಾರ

ಇವತ್ತಿನಷ್ಟು ಅವಮಾನ ಹತ್ತಿರದಲ್ಲಿ ಆಗಿಲ್ಲ.

ಲೆಕ್ಕ ಹೀಗಿತ್ತು. ಬುಟ್ಟಿಯ ತೂಕ 2 ಕಿಲೋ. ಅದರಲ್ಲಿ x ಕಿಲೋ ಮಾವಿನಹಣ್ಣು. ಹೊರುವ ಹೆಂಗಸು 20 ಕಿಲೋಗಿಂತ ಹೆಚ್ಚು ಹೊರಲಾರಳು. ನಾನು ಎಲ್ಲರಿಗಿಂತ ಮೊದಲು ಎದ್ದು ಹೋಗಿ ಬೋರ್ಡಿನಲ್ಲಿ ಬರೆದೆ: x ≤ 20.

"ಬುಟ್ಟಿ ಎಲ್ಲಿ ಹೋಯಿತು ಪಂಕಜಾಕ್ಷಿ?" ಎಂದು ಕೇಳಿದರು ಮಾಷ್ಟ್ರು.

"ಬುಟ್ಟಿಯ ಲೆಕ್ಕ ಯಾರು ಕೇಳ್ತಾರೆ ಮಾಷ್ಟ್ರೇ? ಹಣ್ಣಿನ ಲೆಕ್ಕ ಅಲ್ವಾ?"

ಕುಂಞ ಹಿಂದಿನ ಬೆಂಚಿನಿಂದ ಶುರು ಮಾಡಿದ. "ಪಂಕಜಕ್ಕ, ನಾನು ಬುಟ್ಟಿ ಸೇರಿಸಿ ಬಂಗುಡೆ ತೂಗಿದ್ರೆ ನೀವು ನನ್ನನ್ನು ಸುಮ್ಮನೆ ಬಿಡ್ತೀರಾ? ಊರು ಒಂದು ಮಾಡ್ತೀರಿ!" ಇಡೀ ಕ್ಲಾಸು ನಕ್ಕಿತು. ಮಾಷ್ಟ್ರೂ ಮುಖ ಆಚೆ ತಿರುಗಿಸಿ ನಕ್ಕರು. x + 2 ≤ 20 ಎಂದು ತಿದ್ದಿ, ಬಂದು ಕೂತೆ. ಆ ಕುಂಞನ ಮೀನು ಇನ್ನು ಮುಟ್ಟಿದರೆ ಕೇಳಿ.

ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ ಎನ್ನುವುದೇ ಸಿಟ್ಟು. ಕಳೆದ ತಿಂಗಳು ಬೇಕರಿಯವನು ರಟ್ಟಿನ ಡಬ್ಬ ಸೇರಿಸಿ ಲಾಡು ತೂಗಿದಾಗ ನಾನು ಡಬ್ಬ ಖಾಲಿ ಮಾಡಿಸಿ, ಅದನ್ನೇ ಒಂಟಿಯಾಗಿ ತೂಗಿಸಿ, ಅಷ್ಟು ಕಳೆಯಿಸಿಯೇ ಬಿಟ್ಟದ್ದು. ಅಂಗಡಿ ತುಂಬ ಜನ ಇದ್ದರು.

ಸಂಜೆ ಬಟ್ಟೆ ಒಗೆಯುತ್ತ ಇದನ್ನೇ ಜಗಿಯುತ್ತಿದ್ದೆ. ಬುಟ್ಟಿ, ಡಬ್ಬ, ಬುಟ್ಟಿ, ಡಬ್ಬ. ಇವರ ಒದ್ದೆ ಪ್ಯಾಂಟು ಹಿಂಡುತ್ತಿದ್ದವಳು ಹಾಗೆಯೇ ನಿಂತೆ.

ಚೀಲ.

ಇಲ್ಲ, ಹಾಗಿರಲಾರದು. ರಂಜನಿ ಟೀಚರ್ ಸೊನ್ನೆಗೆ ಇಟ್ಟಿರುತ್ತಾಳೆ. ಓದಿದವಳು. ನಾಳೆ ಬೇಗ ಹೋಗಬೇಕು.

ಜುಲೈ 7, ಸೋಮವಾರ

600 ಗ್ರಾಂ.

ಮೂರು ಸಲ ತೂಗಿದೆ. ಮೂರು ಸಲವೂ ಖಾಲಿ ಚೀಲ 600 ಗ್ರಾಂ.

ಮುಳ್ಳನ್ನು ಸೊನ್ನೆಗೆ ತರುವ ತಿರುಪೊಂದು ತಕ್ಕಡಿಯ ನೆತ್ತಿಯಲ್ಲಿದೆ. ಹಳೆ ಬಟ್ಟೆ ಚೀಲಕ್ಕೆ ಯಾರೋ ಯಾವ ಕಾಲದಲ್ಲೋ ತಿರುಗಿಸಿಟ್ಟದ್ದು, ಈಗ ತುಕ್ಕು ಹಿಡಿದಿದೆ. ನನ್ನ ಟಾರ್ಪಾಲು, ನನ್ನ ಎರಡು ಪದರ, ನನ್ನ ಕಬ್ಬಿಣದ ಬಳೆ! ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ. ಡಿಸೆಂಬರಿನಿಂದ ಎಲ್ಲ ಮಕ್ಕಳನ್ನೂ ಆರುನೂರು ಗ್ರಾಂ ಸುಳ್ಳಿನ ಜೊತೆ ತೂಗಿದ್ದೇನೆ.

ಶಿಬಿಲಾ 9.0 ಅಲ್ಲ. 8.4. ಕಳೆದ ತಿಂಗಳೂ 8.4. ಗೆರೆ 8.8.

ನಾನು ಅವಳ ತಾಯಿಗೆ ಪುಡಿಯ ಆಸೆ ಎಂದೆ. ನನ್ನ ನಾಲಿಗೆಗೆ ಬರೆ ಹಾಕಬೇಕು.

ಜುಲೈ 8, ಮಂಗಳವಾರ

ರಂಜನಿ ಟೀಚರಿಗೆ ಚೀಲ ನೇತು ಹಾಕಿ ತೋರಿಸಿದೆ. ಅವಳ ಮುಖ ಬಿಳಿಚಿತು. ಕೂಡಲೇ ಪುಸ್ತಕ ತೆಗೆದು ಇಪ್ಪತ್ತೆರಡೂ ಮಕ್ಕಳಿಗೆ 0.6 ಕಳೆದು ನೋಡಿದಳು. ಏಳು ಮಕ್ಕಳು ಹಸಿರಿನಿಂದ ಹಳದಿಗೆ. ಮೂವರು ಕಿತ್ತಳೆಗೆ. ಮೂವರಲ್ಲಿ ಶಿಬಿಲಾ ಎಲ್ಲರಿಗಿಂತ ಕೆಳಗೆ.

ಅವಳೂ ಹೆದರಿದ್ದಾಳೆ. ಎಂಟು ತಿಂಗಳ ರಿಪೋರ್ಟಿನಲ್ಲಿ ಅವಳ ಸಹಿ ಉಂಟು. ಪೆನ್ನಿನ ತುದಿ ಕಚ್ಚಿ, ಸ್ವರ ತಗ್ಗಿಸಿ ಹೇಳಿದಳು: "ಪಂಕಜಾಕ್ಷಿಯಕ್ಕ, ಒಮ್ಮೆಲೇ ಎಲ್ಲಾ ಮಕ್ಕಳೂ ಆರುನೂರು ಗ್ರಾಂ ಇಳಿದ್ರೆ ಮೇಲಿಂದ ಕೇಳ್ತಾರೆ. ತಿಂಗಳಿಗೆ ನೂರು ನೂರು ಕಳೆಯುವಾ. ಆರು ತಿಂಗಳಲ್ಲಿ ಸರಿ ಆಗ್ತದೆ. ಯಾರಿಗೂ ಗೊತ್ತಾಗುದಿಲ್ಲ."

ಸರಿಯಾಗುವುದು ಯಾವುದು, ಪುಸ್ತಕವೋ ಮಗುವೋ? ಹೀಗೆ ಕೇಳಬೇಕಿತ್ತು. ಕೇಳಲಿಲ್ಲ. ನಿಜ ಹೇಳುವುದಾದರೆ, ಆ ನೂರು ನೂರು ಗ್ರಾಮಿನ ಉಪಾಯ ನನಗೆ ಒಂದು ಕ್ಷಣ ಹಿತವಾಯಿತು. ತಪ್ಪು ನನ್ನದು, ಒಳ್ಳೆ ರಿಪೋರ್ಟು ಬೇಕಾದದ್ದೂ ನನಗೆ. ತಲೆ ಆಡಿಸಿ ಗಂಜಿಗೆ ಅಕ್ಕಿ ತೊಳೆಯಲು ಹೋದೆ.

ಜುಲೈ 9, ಬುಧವಾರ

ಮೇಡಂ ಫೋನು ಮಾಡಿದರು. ಟೀಚರ್ ಹೇಳಿರಬೇಕು.

"ಪಂಕಜಾಕ್ಷಿ, ನಿಮಗೆ ಪರೀಕ್ಷೆ ಉಂಟಲ್ಲವಾ, ಅದು ನೋಡಿ. ರಿಜಿಸ್ಟರಿನದ್ದು ನಾವು ನೋಡಿಕೊಳ್ತೇವೆ. ಆರುನೂರು ಗ್ರಾಂ ಅಷ್ಟು ದೊಡ್ಡ ವಿಷಯವಾ?"

ಮೇಡಮ್ಮಿಗೆ ಆರುನೂರು ಗ್ರಾಂ ಎಂದರೆ ಒಂದು ಊಟ. ಫೋನಿಟ್ಟು ಒಲೆಯ ಹತ್ತಿರ ಕೂತು, ಅಕ್ಕಿಯ ಚೀಟಿಯ ಹಿಂದೆ ಲೆಕ್ಕ ಮಾಡಿದೆ. ಶಿಬಿಲಾಳ 9.0ರಲ್ಲಿ 0.6 ಎಷ್ಟು ಸಲ ಹೋಗುತ್ತದೆ? ಹದಿನೈದು ಸಲ. ಹದಿನೈದರಲ್ಲಿ ಒಂದು ಪಾಲು ಮಗುವೇ ಇಲ್ಲ, ಅಲ್ಲಿರುವುದು ಟಾರ್ಪಾಲು. ಇದು ದೊಡ್ಡ ವಿಷಯ ಅಲ್ಲವಂತೆ! ಮೀಟಿಂಗಿನಲ್ಲಿ "ಕಿತ್ತಳೆ ಇಲ್ಲ" ಎಂದು ಚಪ್ಪಾಳೆ ತಟ್ಟಿಸಿದ್ದು ಇದೇ ಬಾಯಿ. ಮಗು ಸೊರಗಿದರೂ ಸರಿ, ಗೆರೆ ಇಳಿಯಬಾರದು. ಆರು ತಿಂಗಳು ಕಾಯಬೇಕು! ಮೇಲಿನವರ ಮಕ್ಕಳಿಗೆ ಆರು ದಿವಸ ಜ್ವರ ಬಂದರೆ ಮಂಗಳೂರಿನ ಆಸ್ಪತ್ರೆಗಳನ್ನು ಜಾಲಾಡುತ್ತಾರೆ.

ಇಷ್ಟೆಲ್ಲ ಇಲ್ಲಿ ಬರೆಯುವವಳು ಫೋನಿನಲ್ಲಿ ಹೇಳಿದ್ದು "ಆಯ್ತು ಮೇಡಂ" ಎಂದು. ಥೂ.

ಜುಲೈ 10, ಗುರುವಾರ

ಇವರಿಗೆ ಹೇಳಿದೆ. ಇವರು ಮನೆಮನೆಗೆ ಗ್ಯಾಸ್ ಸಿಲಿಂಡರ್ ಹೊರುವವರು. ಚಹಾ ಕಲಕುತ್ತ ಪೂರ್ತಿ ಕೇಳಿ, "ಸಿಲಿಂಡರಿನ ಕುತ್ತಿಗೆಯಲ್ಲಿ ಖಾಲಿ ತೂಕ ಕೊರೆದಿರ್ತಾರೆ ಮಾರಾಯ್ತಿ. ಅದನ್ನು ನೋಡದೆ ಯಾವ ಹೆಂಗಸೂ ನಮ್ಮ ಕೈಯಿಂದ ತಕ್ಕೊಳ್ಳುದಿಲ್ಲ. ನಿಮ್ಮಲ್ಲಿ ಮಕ್ಕಳನ್ನು ತೂಗುವಾಗ ಯಾರೂ ಕೇಳ್ಲಿಲ್ವಾ?" ಎಂದರು.

ಕೇಳಿದ್ದಳು. ಐದು ಸಲ ಬಂದು ಕೇಳಿದ್ದಳು. ಇವರ ಮೇಲೆ ರೇಗಿ ಒಳಗೆ ಹೋದೆ, ಇವರು ಮಾಡಿದ ತಪ್ಪೇನೂ ಇರಲಿಲ್ಲ.

ಜುಲೈ 11, ಶುಕ್ರವಾರ

ಅಂಗನವಾಡಿ ಬಾಗಿಲು ಹಾಕಿ ನೇರ ಸಜ್ನಾಳ ಮನೆಗೆ ಹೋದೆ.

ಉಮ್ಮಾಲಿಮ್ಮ ಜಗಲಿಯಲ್ಲಿ ಕೂತು ನೋಂಬಿನ ಉಪವಾಸ ಬಿಡುವ ಹೊತ್ತಿಗೆ ಖರ್ಜೂರ ಬಿಡಿಸಿಡುತ್ತಿದ್ದರು. "ಬಾ ಪಂಕಜಾಕ್ಷಿ. ನೀನೇ ಹೇಳು ಇವಳಿಗೆ. ದಿನಾ ಆಸ್ಪತ್ರೆ ಆಸ್ಪತ್ರೆ ಅಂತ ನನ್ನ ತಲೆ ತಿಂತಾಳೆ" ಎಂದರು. ಶಿಬಿಲಾ ಅವರ ಪಕ್ಕದಲ್ಲಿ ಮಲಗಿದ್ದಳು. ಸಂಜೆ ನಾಲ್ಕೂವರೆಗೆ ಎರಡು ವರ್ಷದ ಮಗು ಮಲಗಿಯೇ ಇತ್ತು. ಬಳೆ ಮೊಣಕೈಯ ಹತ್ತಿರ ಸಿಕ್ಕಿಕೊಂಡಿತ್ತು.

ನಿಂತೇ ಹೇಳಿದೆ. "ತೂಕ ತಪ್ಪು ಉಮ್ಮಾಲಿಮ್ಮ. ನಾನು ಹೊಲಿದ ಚೀಲ ಆರುನೂರು ಗ್ರಾಂ ಉಂಟು. ಅದನ್ನು ಕಳೀಲಿಲ್ಲ. ಮಗು ಒಂಬತ್ತು ಇಲ್ಲ. ಎಂಟೂವರೆಯೂ ಸರಿಯಾಗಿ... ಎಂಟು ಪಾಯಿಂಟ್ ನಾಲ್ಕು. ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ."

ಉಮ್ಮಾಲಿಮ್ಮನ ಕೈಯಲ್ಲಿದ್ದ ಖರ್ಜೂರ ತಟ್ಟೆಗೆ ಬಿತ್ತು. "ನಿನ್ನ ಮಾತು ಹೇಳಿ ಹೇಳಿ ನಾನು ಇವಳ ಬಾಯಿ ಮುಚ್ಚಿಸಿದ್ದಲ್ವಾ ಪಂಕಜಾಕ್ಷಿ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ.

ಸಜ್ನಾ ಬಾಗಿಲಲ್ಲಿ ನಿಂತಿದ್ದಳು. "ನಾನು ಐದು ಸಲ ಬಂದೆ. ಐದು ಸಲವೂ ನೀವು ಪುಸ್ತಕ ನೋಡಿದ್ರಿ. ಮಗುವನ್ನು ಒಂದು ಸಲವೂ ನೋಡ್ಲಿಲ್ಲ" ಎಂದಳು. ಒಳಗೆ ಹೋಗಿ ಕಾರ್ಡು ತಂದು ನನ್ನ ಮುಂದೆ ಹಿಡಿದಳು. "ಇದರಲ್ಲಿ ಒಂಬತ್ತು ಅಂತ ಉಂಟು. ಆಸ್ಪತ್ರೆಯಲ್ಲೂ ಇದನ್ನೇ ನಂಬ್ತಾರೆ. ಬರ್ದು ಕೊಡಿ."

ಕಾರ್ಡಿನಲ್ಲಿ ಬರೆಯಲು ಹೆಲ್ಪರಿಗೆ ಅಧಿಕಾರ ಇಲ್ಲ. ಹದಿನಾರು ವರ್ಷದಲ್ಲಿ ಅದರ ಮೇಲೆ ಒಂದು ಚುಕ್ಕಿ ಇಟ್ಟವಳಲ್ಲ. ಪೆನ್ನು ಕೇಳಿದೆ. ಬರೆದೆ: ಚೀಲ ಸೇರಿ 9.0. ಚೀಲ 0.6. ಮಗು 8.4. 8.4 < 8.8.

"ಈ ಕಾಗೆಯ ಕೊಕ್ಕು ಎಂತ?" ಎಂದು ಕೇಳಿದಳು.

"ಕಡಿಮೆ ಅಂತ."

"ಅದನ್ನು ಅಕ್ಷರದಲ್ಲಿ ಬರೀರಿ."

ಮಗು ಗೆರೆಗಿಂತ ಕೆಳಗಿದೆ, ತಪ್ಪು ನಮ್ಮದು ಎಂದು ಬರೆದು, ಪಂಕಜಾಕ್ಷಿ, ಹೆಲ್ಪರ್ ಎಂದು ಸಹಿ ಹಾಕಿದೆ. ಕಾಸರಗೋಡಿನ ಡಾಕ್ಟರಿಗೆ ಕನ್ನಡ ಬರದಿದ್ದರೆ ಎಂದು ಸಜ್ನಾ ಅದರ ಕೆಳಗೆ ಮಲಯಾಳದಲ್ಲಿ ಅದನ್ನೇ ಬರೆದುಕೊಂಡಳು. ಆಗಲೇ ಉಮ್ಮಾಲಿಮ್ಮ ಗೇಟಿನ ಹೊರಗೆ ನಿಂತು ಆಟೋಕ್ಕೆ ಕೂಗುತ್ತಿದ್ದರು.

ಜುಲೈ 14, ಸೋಮವಾರ

ಶನಿವಾರ ಉಳಿದ ಇಬ್ಬರು ಮಕ್ಕಳ ಮನೆಗೂ ಹೋಗಿ ಬರೆದುಕೊಟ್ಟೆ. ಭಾನುವಾರ ಹಳದಿಯ ಏಳು ಮನೆ. ಕ್ಲಾಸಿಗೆ ಹೋಗಲಾಗಲಿಲ್ಲ.

ಇವತ್ತು ಬೆಳಿಗ್ಗೆಯೇ ಮೆಮೋ ಬಂತು. ಯಾರ ಅನುಮತಿಯಿಂದ ಸರಕಾರಿ ಕಾರ್ಡಿನಲ್ಲಿ ಬರೆದಿರಿ, ಮೂರು ದಿವಸದೊಳಗೆ ವಿವರಣೆ ಕೊಡಿ. ಎಂಟು ತಿಂಗಳು ಹೊಸ ಚೀಲ ಕಳಿಸಲು ಕಾಗದ ಇರಲಿಲ್ಲ, ಮೆಮೋ ಬರೆಯಲು ಎರಡೇ ದಿವಸದಲ್ಲಿ ಕಾಗದ ಸಿಕ್ಕಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಇದೇ.

ವಿವರಣೆಯನ್ನು ನಾನೇ ಬರೆದೆ, ಯಾರ ಹತ್ತಿರವೂ ತಿದ್ದಿಸಲಿಲ್ಲ. ಚೀಲ ಹೊಲಿದದ್ದು ನಾನು. ಕಳೆಯದೆ ಬಿಟ್ಟದ್ದು ನಾವೆಲ್ಲರೂ. ಮಗುವಿನ ತೂಕ = ಮುಳ್ಳು − ಚೀಲ. ಇದಕ್ಕೆ ಯಾರ ಅನುಮತಿ ಬೇಕು ಎಂದು ತಿಳಿಸಬೇಕಾಗಿ ವಿನಂತಿ.

ರಂಜನಿ ಟೀಚರ್ ಇವತ್ತಿಡೀ ನನ್ನ ಹತ್ತಿರ ಮಾತಾಡಲಿಲ್ಲ. ಹೋಗುವಾಗ ಮಾತ್ರ, "ನನ್ನ ಹೆಸರು ಬರೆದ್ರಾ?" ಎಂದು ಕೇಳಿದಳು. "ನಾವೆಲ್ಲರೂ ಅಂತ ಬರ್ದಿದ್ದೇನೆ" ಎಂದೆ.

ಜುಲೈ 23, ಬುಧವಾರ

ಉಮ್ಮಾಲಿಮ್ಮ ಫೋನು ಮಾಡಿದ್ದರು. ಆಸ್ಪತ್ರೆಯ ತಕ್ಕಡಿಯಲ್ಲಿ ಮಗು 8.3. ರಕ್ತ ಕಡಿಮೆ, ಮೂತ್ರದಲ್ಲಿ ಸೋಂಕು. ಸೋಂಕು ಎಷ್ಟೋ ತಿಂಗಳಿನದ್ದಂತೆ. ಇನ್ನೂ ತಡಮಾಡಿದ್ದರೆ ಮೂತ್ರಪಿಂಡಕ್ಕೇ ಪೆಟ್ಟು ಎಂದು ಡಾಕ್ಟರು ಸಜ್ನಾಳಿಗೆ ಬೈದರಂತೆ. ಸಜ್ನಾಳಿಗೆ!

ಅವಳೇಕೆ ಬೈಗುಳ ತಿನ್ನಬೇಕು? ಡಾಕ್ಟರರ ನಂಬರು ಕೊಡಿ, ನಾನೇ ಹೇಳುತ್ತೇನೆ ಎಂದೆ. ಉಮ್ಮಾಲಿಮ್ಮ, "ಅದೆಲ್ಲ ಬೇಡ. ಪೆರ್ನಾಲಿನ ಮೊದಲು ಮನೆಗೆ ಬಿಡ್ತಾರಂತೆ" ಎಂದು ಫೋನು ಇಟ್ಟರು.

ಪುಸ್ತಕ ತೆರೆದರೆ ಅಕ್ಷರ ಕಾಣುವುದಿಲ್ಲ. ಇವತ್ತು ಓದಲಿಲ್ಲ.

ಆಗಸ್ಟ್ 3, ಭಾನುವಾರ

ಮೂರು ವಾರ ತಪ್ಪಿಸಿ ಇವತ್ತು ಕ್ಲಾಸಿಗೆ ಹೋದೆ. ಜೂನಿನಲ್ಲಿ ಸರಿ ಹಾಕಿದ್ದ ಐದನೆಯ ಲೆಕ್ಕವನ್ನು ಮಾಷ್ಟ್ರ ಮೇಜಿನ ಮೇಲಿಟ್ಟು, ತಪ್ಪು ಹಾಕಿ ಎಂದೆ. "ಚಿಹ್ನೆ ಸರಿ ಉಂಟಲ್ಲ?" ಎಂದರು. ಚಿಹ್ನೆ ಸರಿ, 9.0 ಸುಳ್ಳು ಎಂದು ನಡೆದದ್ದೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹೊಗಳಿದ್ದು ನಾನಲ್ವಾ. ಎಲ್ಲಿ ತೂಗಿದ್ದು, ಹೇಗೆ ತೂಗಿದ್ದು ಅಂತ ನಾನೂ ಕೇಳ್ಬೇಕಿತ್ತು" ಎಂದು ಕೆಂಪು ಗೆರೆ ಎಳೆದರು. ಕುಂಞ ಇವತ್ತು ನಗಲಿಲ್ಲ.

ಆಗಸ್ಟ್ 7, ಗುರುವಾರ

ತೂಗುವ ದಿನ. ನನ್ನ ವಿವರಣೆಗೆ ಮೇಲಿನಿಂದ ಇನ್ನೂ ಉತ್ತರ ಇಲ್ಲ. ಬೆಳಿಗ್ಗೆ ಒಂಬತ್ತಕ್ಕೇ ರಂಜನಿ ಟೀಚರ್ ಬಂದಿದ್ದಳು. ಸ್ಟೂಲಿನ ಮೇಲೆ ಹತ್ತಿ, ತೆಂಗಿನೆಣ್ಣೆ ಬಿಟ್ಟು, ಆ ತುಕ್ಕು ತಿರುಪನ್ನು ಇಕ್ಕಳದಲ್ಲಿ ತಿರುಗಿಸುತ್ತಿದ್ದಳು. ಬೆರಳು ಸುಲಿದಿತ್ತು. ನಾನು ಹೋಗಿ ಸ್ಟೂಲು ಹಿಡಿದುಕೊಂಡೆ.

ತಾಯಂದಿರೆಲ್ಲ ಬಂದಿದ್ದರು. ಯಾವತ್ತೂ ಮಕ್ಕಳನ್ನು ಬಿಟ್ಟು ಹೋಗುವವರು ಇವತ್ತು ತಕ್ಕಡಿಯ ಸುತ್ತ ನಿಂತರು. ನಾನು ಮೊದಲ ಮಗುವನ್ನು ಎತ್ತಿಕೊಂಡೆನಷ್ಟೇ, ಹಿಂದಿನಿಂದ ಸಜ್ನಾಳ ಸ್ವರ ಕೇಳಿತು.

"ಮೊದಲು ಖಾಲಿ ಚೀಲ ತೂಗಿ."

ನನಗೆ ಸುರ್ರನೆ ಸಿಟ್ಟು ಬಂತು. ಹದಿನಾರು ವರ್ಷದಲ್ಲಿ ನನ್ನ ಕೆಲಸವನ್ನು ಹೀಗೆ ಎಲ್ಲರ ಎದುರು ಪರೀಕ್ಷೆ ಮಾಡಿದವರಿಲ್ಲ. ಮಗುವನ್ನು ಕೆಳಗಿಳಿಸಿ ಖಾಲಿ ಚೀಲ ನೇತು ಹಾಕಿದೆ. ಮುಳ್ಳು ಸೊನ್ನೆಯಲ್ಲಿ ನಿಂತಿತು. ಎಲ್ಲರೂ ಬಗ್ಗಿ ನೋಡಿದರು. ಸಜ್ನಾ ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದಳು. ಆಮೇಲೆ ಶಿಬಿಲಾಳನ್ನು ನನ್ನ ಕೈಗೆ ಕೊಟ್ಟಳು.

ಶಿಬಿಲಾ ಇವತ್ತು ಅತ್ತಳು. ಕಾಲು ಒದ್ದು, ನನ್ನ ಸೆರಗು ಹಿಡಿದೆಳೆದು, ಅಂಗನವಾಡಿ ಹಾರಿಹೋಗುವ ಹಾಗೆ ಅತ್ತಳು. ಮುಳ್ಳು ನಿಲ್ಲಲು ಎರಡು ನಿಮಿಷ ಹಿಡಿಯಿತು. 8.7. ಆಸ್ಪತ್ರೆಗೆ ಹೋದ ದಿನಕ್ಕಿಂತ ನಾನೂರು ಗ್ರಾಂ ಹೆಚ್ಚು. ಮೂವತ್ತು ತಿಂಗಳಿಗೆ ಗೆರೆ 8.9. ಟೀಚರ್ ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಪೆನ್ನು ಕೊಟ್ಟಳು. ನಾನೇ ಬರೆದೆ: 8.7 < 8.9. ಕಿತ್ತಳೆ.

"ಇನ್ನು ಎಷ್ಟು ಬೇಕು ಗೆರೆ ಮುಟ್ಲಿಕ್ಕೆ?" ಎಂದು ಸಜ್ನಾ ಕೇಳಿದಳು.

"ಇನ್ನೂರು ಗ್ರಾಂ."

"ಅದು ಎಷ್ಟು?"

ಹೇಗೆ ಹೇಳುವುದು ಎಂದು ತಿಳಿಯಲಿಲ್ಲ. ಅಡುಗೆಮನೆಗೆ ಹೋಗಿ ಪಂಚಾಯತಿನಿಂದ ಬಂದ ಮೊಟ್ಟೆಯ ತಟ್ಟೆಯಿಂದ ನಾಲ್ಕು ತಂದು ಅವಳ ಕೈಯಲ್ಲಿಟ್ಟೆ. "ಇಷ್ಟು" ಎಂದೆ.

ಅವಳು ಮೊಟ್ಟೆಗಳನ್ನು ಎರಡೂ ಕೈಯಲ್ಲಿ ಹಿಡಿದು, ಸ್ವಲ್ಪ ಎತ್ತಿ ಇಳಿಸಿ, ಭಾರ ನೋಡಿದಳು.

"ಇಷ್ಟೇಯಾ?"

"ಇಷ್ಟೇ."

"ಇಷ್ಟು ಕಡಿಮೆ ಉಂಟು ಅಂತ ಹೇಳ್ಲಿಕ್ಕೆ ನಿಮಗೆ ನಾಲ್ಕು ತಿಂಗಳು ಬೇಕಾಯ್ತಾ ಪಂಕಜಕ್ಕ?"

ಮುಂದಿನ ಮಗುವಿನ ಹೆಸರು ಕರೆದೆ.

ಸಜ್ನಾ ಶಿಬಿಲಾಳನ್ನು ಸೊಂಟಕ್ಕೇರಿಸಿಕೊಂಡು ಹೋದಳು. ಮೊಟ್ಟೆ ಹಿಂದೆ ಕೊಡಲಿಲ್ಲ, ನಾನು ಕೇಳಲೂ ಇಲ್ಲ. ಸಂಜೆ ಸ್ಟಾಕು ಪುಸ್ತಕದಲ್ಲಿ ನಾಲ್ಕು ಕಡಿಮೆ ಎಂದೇ ಬರೆದು ಸಹಿ ಹಾಕಿದೆ.